ಮಡಕೆಯೊಳಗಿನ ಬೇಸ್

ಸಮೇತನಹಳ್ಳಿಯಲ್ಲಿ ಸೌಂಡ್ ಸಿಸ್ಟಮ್ ಸುಧಾರಿಸುವವರಿಗೆ ದಾರಿ ಎರಡು: ಬಸ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಜೇಬು ಖಾಲಿ ಮಾಡಿಕೊಳ್ಳುವುದು, ಇಲ್ಲವೇ ಅಡುಗೆಮನೆಯಿಂದ ಮಡಕೆ ಎಗರಿಸುವುದು. ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿದರೆ ಬೇಸ್ ದುಂಡಗಾಗುತ್ತದೆ. ಹಿಂಬದಿಯ ಸದ್ದು ಮುಂಬದಿಯದನ್ನು ನುಂಗದಂತೆ ಮಡಕೆ ತಡೆಯುತ್ತದೆ, ಗುಟ್ಟು ಅಷ್ಟೇ. ಅಂಗಡಿಯವರು "50 ವ್ಯಾಟ್ ಯಾಕೆ ಸಾರ್, 100 ತಗೊಳ್ಳಿ" ಅಂತಾರೆ. ವ್ಯಾಟ್ ದುಪ್ಪಟ್ಟಾದರೂ ಸದ್ದು ಏರುವುದು ಬರೀ 3 ಡೆಸಿಬಲ್! ಅದರ ಬದಲು ಸ್ಪೀಕರ್ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ, ಕೆಂಪು-ಕಪ್ಪು ವೈರು ಅದಲುಬದಲಾಗಿದೆಯೇ ನೋಡಿ, ಖರ್ಚು ಸೊನ್ನೆ. ನಾನೂ ಮಡಕೆ ಎಗರಿಸಿ ಸ್ಪೀಕರ್ ಕೂರಿಸಿದೆ; ನಮ್ಮ ಮನೆಯಾಕೆ ಮಾತ್ರ ಹಾಡಿಗೆ ತಲೆದೂಗಲಿಲ್ಲ. "ರೀ, ಬೇಸ್ ಬಂತು, ಸರಿ. ಹಾಲಿಗೆ ಹೆಪ್ಪು ಯಾವುದ್ರಲ್ಲಿ ಹಾಕ್ಲಿ, ಆಂಪ್ಲಿಫೈಯರ್‌ನಲ್ಲಾ?" ಅಂದಳು.