ಟ್ರೇಲರಿಗೆ ಏಳುವ ಸೂರು ಕೂರಿಸುವ ಕ್ರಮ

ಪರಿಚಯ

ಬೆಂಗಳೂರಿನಲ್ಲಿರುವ ನಮ್ಮ ಭಾವ ಮೊನ್ನೆ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದರು. ಬೆಟ್ಟದ ಬುಡದಲ್ಲಿ ಒಂದು ವ್ಯಾನು. ಗಂಡ ಗುಂಡಿ ಒತ್ತಿದ, ವ್ಯಾನಿನ ನೆತ್ತಿ ಮೆಲ್ಲಗೆ ಮೇಲೆದ್ದಿತು, ಹೆಂಡತಿ ಒಳಗೆ ನೆಟ್ಟಗೆ ನಿಂತು ಕಾಫಿ ಕುಡಿದಳು. 'ಇಂಥದ್ದು ನಮ್ಮ ಕಡೆ ಯಾವಾಗ ಬರುತ್ತೋ' ಎಂದು ಭಾವ ನಿಟ್ಟುಸಿರು ಬಿಟ್ಟರು. ಕರ್ನೂಲು ಜಿಲ್ಲೆಯ ಆಲೂರಿನ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಇಂಥದ್ದೊಂದು ಎಷ್ಟೋ ವರ್ಷದಿಂದ ನಿಂತಿದೆ. ಹಬ್ಬಕ್ಕೆ ಬಂದಾಗಲೆಲ್ಲ ಭಾವ ಅದರ ಮೇಲೆ ಟವೆಲು ಒಣಹಾಕಿದ್ದಾರೆ. ಅವರಿಗೂ ಅವರಂಥವರಿಗೂ ಈ ಕೈಪಿಡಿ.

ಏಳುವ ಸೂರು ಹೊಸದೇನಲ್ಲ. ಇಂಗ್ಲೆಂಡಿನ ಫೋಕ್‌ಸ್ಟೋನ್ ಊರಿನ ಮಾರ್ಟಿನ್ ವಾಲ್ಟರ್ ಕಂಪನಿ 1950ರ ದಶಕದಲ್ಲೇ ಬೆಡ್‌ಫೋರ್ಡ್ ವ್ಯಾನುಗಳನ್ನು ಡಾರ್ಮೊಬೈಲ್ ಎಂಬ ಮನೆಗಾಡಿಯಾಗಿ ಮಾಡಿ ಮಾರುತ್ತಿತ್ತು. ಅದರ ನೆತ್ತಿ ಪೆಟ್ಟಿಗೆಯ ಮುಚ್ಚಳದಂತೆ ಒಂದು ಪಕ್ಕಕ್ಕೆ ತೆರೆದುಕೊಳ್ಳುತ್ತಿತ್ತು, ನಡುವೆ ಪಟ್ಟೆ ಪಟ್ಟೆ ಬಟ್ಟೆ. ನಮ್ಮವರು ಅದಕ್ಕೂ ಎಷ್ಟೋ ಮುಂಚೆ ಎತ್ತಿನ ಬಂಡಿಗೆ ಬಿದಿರಿನ ಕಮಾನು ಬಗ್ಗಿಸಿ, ಚಾಪೆ ಹೊದಿಸಿ, ಸವಾರಿ ಬಂಡಿ ಮಾಡಿಕೊಂಡು ಜಾತ್ರೆಗೆ ಹೋಗುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರು ಬಂತು. ಕಮಾನು ಮಾತ್ರ ಬಂಡಿಯಿಂದ ಇಳಿದು ಟ್ರೇಲರು ಹತ್ತಿತು.

ಇನ್ನು ಸೂರು ಬದಲಾಯಿಸುವ ಕೆಲಸಕ್ಕೆ ಈ ಸೀಮೆಯವರು ಹೆದರಬೇಕಿಲ್ಲ, ಅಭ್ಯಾಸವಿದೆ. 1800ರಲ್ಲಿ ನಿಜಾಮರು ನಮ್ಮನ್ನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಬಿಡಿಸಿ ಹೊಸ ಆಂಧ್ರ ರಾಜ್ಯಕ್ಕೆ ಸೇರಿಸಿದರು. 2022ರ ಏಪ್ರಿಲಿನಲ್ಲಿ ನಂದ್ಯಾಲ ಬೇರೆ ಜಿಲ್ಲೆಯಾಗಿ, ನಾವು ಉಳಿದ ಕರ್ನೂಲಿನಲ್ಲಿ ಉಳಿದೆವು. ಅಷ್ಟು ಸಲವೂ ಗೋಡೆ ಅಲ್ಲೇ, ಒಲೆ ಅಲ್ಲೇ, ಒಲೆಯ ಮುಂದಿನ ಮಾತೂ ಅದೇ. ನೆತ್ತಿಯ ಮೇಲಿನದ್ದು ಮಾತ್ರ ಬೇರೆ.

ಬೇಕಾಗುವ ಸಾಮಾನು

1. ಟ್ರೇಲರ್: 1. ಸುಮಾರು 10 ಅಡಿ ಉದ್ದ, 6 ಅಡಿ ಅಗಲ. ಸ್ವಂತದ್ದು ಇಲ್ಲದಿದ್ದರೆ ಚಿಕ್ಕಪ್ಪನದು.

2. ಕಬ್ಬಿಣದ ದಪ್ಪ ಪೈಪು 4, ಅದರೊಳಗೆ ಸಲೀಸಾಗಿ ಜಾರುವಂಥ ಸಣ್ಣ ಪೈಪು 4. ಫೇಲಾದ ಬೋರಿನಿಂದ ಎತ್ತಿದ ಪೈಪು ಆದರೆ ಒಳ್ಳೆಯದು. ಬರದ ಸೀಮೆಯಲ್ಲಿ ಇದೊಂದಕ್ಕೆ ಬರವಿಲ್ಲ.

3. ಬಿದಿರು ದಬ್ಬೆ: 5. ಹಸಿಯದೇ ಆಗಬೇಕು, ಒಣಗಿದ್ದು ಬಾಗುವುದಿಲ್ಲ, ಮುರಿಯುತ್ತದೆ. ಹಿರಿಯರಿಗೂ ಇದು ಅನ್ವಯಿಸುತ್ತದೆ.

4. ತಾಡಪತ್ರಿ: 1. ಅನಂತಪುರದ ಕಡೆಯ ತಾಡಿಪತ್ರಿ ಊರಿಗೂ ಇದಕ್ಕೂ ಸಂಬಂಧವಿಲ್ಲ. ತಾಡಪತ್ರಿ ತರಬೇಕು ಎಂದಾಗ ಭಾವ ಬಸ್ಸಿನ ವೇಳೆ ಕೇಳಿದ್ದರು.

5. ಬೋಲ್ಟು: 4. ಎರಡು ಕಳೆಯುತ್ತವೆ, ಆದ್ದರಿಂದ 6.

6. ಹಗ್ಗ: ಇದ್ದಷ್ಟು.

7. ಆಳು: ಮೂಲೆಗೊಬ್ಬರಂತೆ 4. ಸಲಹೆ ಕೊಡುವವರು ತಾವಾಗಿಯೇ ಬರುತ್ತಾರೆ, ಅವರನ್ನು ಪಟ್ಟಿಯಲ್ಲಿ ಸೇರಿಸಿಲ್ಲ.

8. ಅಜ್ಜಿ: 1. ಕಡ್ಡಾಯ.

ಹಂತ 1: ಅಳತೆ

ಸೂರು ಎಷ್ಟು ಎತ್ತರ ಏಳಬೇಕು ಎಂಬುದನ್ನು ಟೇಪಿನಿಂದ ನಿರ್ಧರಿಸಬೇಡಿ. ನಾವು ಮೊದಲು ಹಾಗೇ ಮಾಡಿದೆವು. ಜನ ಕೂತರೆ ತಲೆ ತಾಗಬಾರದು, ಅಷ್ಟೇ ತಾನೆ ಎಂದು ಲೆಕ್ಕ ಹಾಕಿ ದಬ್ಬೆ ಕಟ್ಟಿದೆವು. ಅಜ್ಜಿಯನ್ನು ಹತ್ತಿಸಿ ಕೂರಿಸಿದೆವು. ತಲೆ ತಾಗಲಿಲ್ಲ. ನಾವು ಹಿಗ್ಗುತ್ತಿರುವಾಗಲೇ ಅಜ್ಜಿ ಉರುಕುಂದದ ಈರಣ್ಣ ದೇವರ ದಿಕ್ಕಿಗೆ ತಿರುಗಿ, ಎರಡೂ ಕೈ ಜೋಡಿಸಿ ತಲೆಯ ಮೇಲಕ್ಕೆ ಎತ್ತಿದರು. ಹಸಿರು ಬಳೆಗಳು ದಬ್ಬೆಗೆ ಬಡಿದು ಒಂದು ಒಡೆಯಿತು. ಅಜ್ಜಿ ಕೈ ಇಳಿಸಲಿಲ್ಲ. ಅರ್ಧಕ್ಕೆ ನಿಂತ ಕೈಯಲ್ಲೇ ನಮ್ಮ ಕಡೆ ನೋಡಿ ಕೇಳಿದರು:

'ಏನಪ್ಪಾ, ಈರಣ್ಣಗ ಕೈ ಮುಗಿಯಾಕೂ ಜಾಗ ಇಲ್ಲೇನು ಇದ್ರಾಗ?'

ಅಂದಿನಿಂದ ನಮ್ಮ ಮನೆಯಲ್ಲಿ ಅಳತೆ ಎಂದರೆ ಅದೇ: ಅಜ್ಜಿ ಕೂತು ಕೈ ಎತ್ತಿ ಮುಗಿದಾಗ ಬೆರಳ ತುದಿ ನಡುಗಮಾನನ್ನು ಸವರಬೇಕು, ಬಳೆ ತಾಗಬಾರದು.

ಹಂತ 2: ಪೈಪು

ದಪ್ಪ ಪೈಪುಗಳನ್ನು ಟ್ರೇಲರಿನ ನಾಲ್ಕು ಮೂಲೆಗೆ ನೆಟ್ಟಗೆ ನಿಲ್ಲಿಸಿ ವೆಲ್ಡಿಂಗ್ ಮಾಡಿಸಿ. ಆದವಾನಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸವನ್ನು ಕನ್ನಡದಲ್ಲಿ ಹೇಳಿ, ದರವನ್ನು ತೆಲುಗಿನಲ್ಲಿ ಮಾತಾಡಿ, ಚೌಕಾಸಿಯನ್ನು ಉರ್ದುವಿನಲ್ಲಿ ಮುಗಿಸಿ. ಈ ಕ್ರಮ ತಪ್ಪಿದರೆ ದರ ಏರುತ್ತದೆ, ಸೂರು ಏರುವುದಿಲ್ಲ.

ಸಣ್ಣ ಪೈಪಿಗೆ ಒಂದರ ಕೆಳಗೊಂದರಂತೆ 4 ತೂತು, ದಪ್ಪ ಪೈಪಿನ ನೆತ್ತಿಯ ಬಳಿ ಒಂದು ತೂತು ಕೊರೆಸಿ. ಕೊರೆದ ಅಂಚನ್ನು ಅರದಿಂದ ಉಜ್ಜಲೇಬೇಕು. ಇಲ್ಲದಿದ್ದರೆ ಪೈಪು ಒಳಗೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಕುಯ್ಯುತ್ತದೆ. ಮೇಲೆ ಗ್ರೀಸ್ ಸವರಿ. ಬೇಕಾದಷ್ಟು ಎತ್ತರಕ್ಕೆ ಎಳೆದು, ಒಳಗಿನ ತೂತನ್ನು ಹೊರಗಿನ ತೂತಿಗೆ ಕೂಡಿಸಿ, ಬೋಲ್ಟು ತೂರಿಸಿದರೆ ಆಯಿತು. ಗುಂಡಿ ಒತ್ತುವ ವ್ಯಾನಿನ ಯಂತ್ರವೂ ಮಾಡುವುದು ಇಷ್ಟನ್ನೇ.

ಯಾವ ತೂತು ಯಾವುದಕ್ಕೆ:

ಮೊದಲನೆಯದು ದಾರಿಗೆ. ಎರಡನೆಯದು ಮಳೆಗೆ. ಮೂರನೆಯದು ಅಜ್ಜಿಗೆ. ನಾಲ್ಕನೆಯದು ಭಾವನಿಗೆ, ಅಂದರೆ ನೆಟ್ಟಗೆ ನಿಂತು ಕಾಫಿ ಕುಡಿಯಬೇಕೆನ್ನುವವರಿಗೆ. ನಾಲ್ಕನೆಯ ತೂತನ್ನು ನಾವು ಒಂದೇ ಒಂದು ಸಲ ಬಳಸಿದ್ದೇವೆ. ಎರೆ ಹೊಲದ ಸೀಮೆ, ಕಣ್ಣು ಹಾಯಿಸಿದಷ್ಟು ದೂರ ಗಾಳಿಗೆ ಅಡ್ಡ ಬರಲು ಒಂದು ಗಿಡವಿಲ್ಲ. ಶ್ರಾವಣದ ಪಡುವಣ ಗಾಳಿ ತಾಡಪತ್ರಿಯೊಳಗೆ ಹೊಕ್ಕು ಅದನ್ನು ಪಟ ಮಾಡಿಕೊಂಡಿತು. ಕಾಫಿ ಲೋಟ ಸಿಕ್ಕಿತು, ತಾಡಪತ್ರಿ ಮೂರನೆಯ ಹೊಲದಲ್ಲಿ ಸಿಕ್ಕಿತು.

ಹಂತ 3: ಕಮಾನು ಮತ್ತು ಹೊದಿಕೆ

ದಬ್ಬೆಗಳನ್ನು ಅಡ್ಡಕ್ಕೆ ಬಗ್ಗಿಸಿ ಕಟ್ಟಿ. ನಡುವಿನದು ಉಳಿದವಕ್ಕಿಂತ ಎತ್ತರವಿರಲಿ. ಸೂರು ಸಪಾಟಾಗಿದ್ದರೆ ಅಂದ ಎನ್ನುವವರು ಸಿಗುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ: 10 ಅಡಿಗೆ 6 ಅಡಿಯ ಸೂರಿನ ಮೇಲೆ ಒಂದೇ ಒಂದು ಇಂಚು ನೀರು ನಿಂತರೆ ಅದರ ತೂಕ ಸುಮಾರು 140 ಕಿಲೊ. ಇಬ್ಬರು ಬೀಗರು ಹತ್ತಿ ಕೂತಂತೆ. ತಾವಾಗಿ ಇಳಿದು ಹೋಗುವುದಿಲ್ಲ.

ಈ ವಿದ್ಯೆ ನಮ್ಮ ಮಾಳಿಗೆ ಮನೆಗಳಿಗೆ ಎಂದಿನಿಂದಲೂ ಗೊತ್ತು. ಮಣ್ಣಿನ ಮಾಳಿಗೆ ಕೆಳಗಿನಿಂದ ನೋಡಿದರೆ ಸಪಾಟು. ಮೇಲೆ ಹತ್ತಿ ನೋಡಿದರೆ ದೋಣಿಯ ಕಡೆಗೆ ಇಳಿಜಾರು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹೊತ್ತು ಹಾಕಿ ಬಡಿಯಬೇಕು. ಬೆಳಕಿಂಡಿಯ ಮೇಲೆ ಒಂದು ಕಲ್ಲು ಚಪ್ಪಡಿ ಇರುತ್ತದೆ. ಬಿಸಿಲಿದ್ದಾಗ ಅದನ್ನು ಸರಿಸಿದರೆ ಅಡುಗೆ ಮನೆಗೆ ಬೆಳಕು, ಹನಿ ಬಿದ್ದ ಕೂಡಲೇ ಯಾರಾದರೂ ಓಡಿ ಹೋಗಿ ಮುಚ್ಚಬೇಕು. ಆ ಯಾರಾದರೂ ಎಂದರೆ ಮನೆಯ ಕಿರಿಯವನು. ಏಳುವ ಸೂರಿನ ಮೊದಲ ತರಬೇತಿ ನನಗಾದದ್ದು ಅಲ್ಲೇ.

ತಾಡಪತ್ರಿ ಹೊದಿಸಿ ನಾಲ್ಕು ಕಡೆ ಬಿಗಿಯಾಗಿ ಕಟ್ಟಿ. ಹರಿದಿದ್ದರೆ ಗೊಬ್ಬರದ ಚೀಲ ಬಿಚ್ಚಿ, ಬ್ರ್ಯಾಂಡು ಒಳಗೆ ಕಾಣುವಂತೆ ತೇಪೆ ಹಾಕಿ. ಮಲಗಿದವರಿಗೆ ಓದಲು ಏನಾದರೂ ಬೇಕು.

ಹಂತ 4: ಒಳಾಂಗಣ

ತಳಕ್ಕೆ ಹುಲ್ಲು ಹರಡಿ, ಮೇಲೆ ಚಾಪೆ, ಅದರ ಮೇಲೆ ಕೌದಿ. ಹಿಂದಿನ ಬಾಗಿಲ ಬಳಿ ನೀರಿನ ಕೊಡ, ಸೌದೆ, ಮೂರು ಕಲ್ಲು. ಕಲ್ಲು ಜಾತ್ರೆಯಲ್ಲೂ ಸಿಗುತ್ತವೆ ಎಂದು ಗಂಡಸರು ಹೇಳುತ್ತಾರೆ. ಕೇಳಬೇಡಿ, ಶ್ರಾವಣದಲ್ಲಿ ಉರುಕುಂದದಲ್ಲಿ ಬಿಡಿ ಕಲ್ಲಿಗೆ ಬಂಗಾರದ ಬೆಲೆ. ಜನ ಟ್ರೇಲರಿನಲ್ಲೇ ಹೋಗುತ್ತಿದ್ದಾಗ ರೊಟ್ಟಿ ಗಂಟು ಮತ್ತು ಶೇಂಗಾ ಚಟ್ನಿಯನ್ನು ಅಜ್ಜಿಯ ಬೆನ್ನ ಹಿಂದೆ ಇಡುತ್ತಿದ್ದೆವು. ಬೇರೆಲ್ಲಿಟ್ಟರೂ ಆದವಾನಿ ಕೋಟೆಯ ಗುಡ್ಡ ಕಾಣುವಷ್ಟರಲ್ಲಿ ಖಾಲಿಯಾಗುತ್ತಿತ್ತು. ಹಾಗಾದರೆ ದಾರಿಯಲ್ಲಿ ಒಗ್ಗಾಣಿ, ಮೆಣಸಿನಕಾಯಿ ಬಜ್ಜಿಗೆ ಗಾಡಿ ನಿಲ್ಲಿಸಬೇಕಾಗುತ್ತಿತ್ತು. ಹಾಗಾಗಲಿ ಎಂದೇ ರೊಟ್ಟಿ ಖಾಲಿ ಮಾಡುವವರೂ ಇದ್ದರು.

ಹಂತ 5: ಏರಿಸುವುದು

ದಾರಿಯಲ್ಲಿ ಸೂರು ಮೊದಲನೆಯ ತೂತಿನಲ್ಲೇ ಇರಬೇಕು. ಬೇವಿನ ಕೊಂಬೆ, ಜೋತುಬಿದ್ದ ಕರೆಂಟಿನ ತಂತಿ, ರೈಲ್ವೆ ಸೇತುವೆಯ ಕೆಳಗಿನ ದಾರಿ, ಇವು ಯಾವುವೂ ನಿಮಗಾಗಿ ಮೇಲೆ ಏಳುವುದಿಲ್ಲ.

ಶ್ರಾವಣದ ಸೋಮವಾರ, ಗುರುವಾರಗಳಲ್ಲಿ ಉರುಕುಂದ ಈರಣ್ಣನ ಸನ್ನಿಧಿಗೆ ಆಂಧ್ರ, ಕರ್ನಾಟಕ, ತೆಲಂಗಾಣ ಮೂರೂ ಕಡೆಯ ಜನ ಬರುತ್ತಾರೆ. ಹಿಂದಿನ ಸಂಜೆಯೇ ಹೋಗಿ, ಎರೆ ಮಣ್ಣು ಬಿಟ್ಟು ಗಟ್ಟಿ ನೆಲ ಹುಡುಕಿ ನಿಲ್ಲಿಸಿ. ಮಳೆ ಬಂದರೆ ಎರೆ ಮಣ್ಣಿನಲ್ಲಿ ಸೂರು ಏಳುವ ಮೊದಲು ಗಾಲಿ ಇಳಿಯುತ್ತದೆ. ಗಾಲಿಗಳ ಹಿಂದೆ ಕಲ್ಲು ಕೊಡಿ. ಮೂಲೆಗೊಬ್ಬರು ನಿಂತು ಏಕಕಾಲಕ್ಕೆ ಎತ್ತಿ. 'ಏಕಕಾಲಕ್ಕೆ' ಎಂಬುದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅಣ್ಣತಮ್ಮಂದಿರು ನಾಲ್ವರು ಒಂದೇ ಸಲ ಒಂದೇ ಎತ್ತರಕ್ಕೆ ಏನನ್ನಾದರೂ ಎತ್ತಿದ್ದು ನಮ್ಮ ಮನೆತನದಲ್ಲಿ ಇದೊಂದನ್ನೇ. 'ಈರಣ್ಣಾ!' ಎಂದು ಕೂಗಿ ಎತ್ತಬೇಡಿ. ಆ ಮೈದಾನದಲ್ಲಿ ಹೆಸರು ಹಿಡಿದು ಕೂಗಿದರೆ ಅರ್ಧ ಜನ ಓಗೊಡುತ್ತಾರೆ, ಉಳಿದರ್ಧ ಉರುಕುಂದಪ್ಪಂದಿರು.

ಎಚ್ಚರಿಕೆಗಳು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಓದಿಕೊಳ್ಳಿ. ನೋಂದಣಿ ಪತ್ರದಲ್ಲಿ ಇರುವುದಕ್ಕೂ ತಯಾರಕರು ಕೊಟ್ಟ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿದೆ. ಬಿಚ್ಚಿ ತೆಗೆಯುವ ಬಿದಿರು, ತಾಡಪತ್ರಿ ಬೇರೆ, ವೆಲ್ಡಿಂಗ್ ಬೇರೆ ಎಂದು ವಾದಿಸಬಹುದು. ವಾದಿಸುವಷ್ಟರಲ್ಲಿ ದರ್ಶನದ ಹೊತ್ತು ಮೀರುತ್ತದೆ.

ಟ್ರೇಲರ್ ಸರಕಿನ ವಾಹನ, ಅದರಲ್ಲಿ ಜನ ಕೂರುವಂತಿಲ್ಲ. ಒಮ್ಮೆ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದು 'ವೀಳ್ಳಂದರೂ ಎವರು?' (ಇವರೆಲ್ಲ ಯಾರು?) ಎಂದರು. ಚಿಕ್ಕಪ್ಪ, 'ಸಾಮಾನು ಬೀಳದಂಗ ಹಿಡಕಂಡು ಕುಂತಾರ್ ಸಾರ್' ಎಂದರು. ಒಳಗಿನಿಂದ ಅಜ್ಜಿ, ತಾನು ಸಾಮಾನೋ ಹಿಡಿದುಕೊಂಡವಳೋ ಎಂದು ಕೇಳಿದರು. ದಂಡ ಬಿತ್ತು. ನಗುವ ಮಾತು ಇಷ್ಟು. ಮಗುಚಿದ ಟ್ರೇಲರಿನಡಿ ಸಿಕ್ಕವರ ಸುದ್ದಿ ಪ್ರತಿ ಜಾತ್ರೆಯ ಕಾಲದಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಈಗ ನಮ್ಮಲ್ಲಿ ಜನ ಬಸ್ಸಿನಲ್ಲಿ ಹೋಗುತ್ತಾರೆ, ಟ್ರೇಲರಿನಲ್ಲಿ ಸಾಮಾನು ಮತ್ತು ಸೂರು ಮಾತ್ರ. ಅಜ್ಜಿಯನ್ನು ಅಲ್ಲಿ ಬಸ್ಸಿನಿಂದ ಇಳಿಸಿಕೊಂಡು ನಿಂತ ಟ್ರೇಲರಿಗೆ ಹತ್ತಿಸುತ್ತೇವೆ. ಟ್ರೇಲರಿನ ಮೂಕಿಯ ಮೇಲೆ ಯಾರೂ ಕೂರಬಾರದು, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದೆ ರಾತ್ರಿ ಹೊರಡಬಾರದು.

ದಸರಾಕ್ಕೆ ದೇವರಗುಡ್ಡದ ಮಾಳ ಮಲ್ಲೇಶ್ವರನ ಬನ್ನಿಗೆ ಹೋಗುವವರು ಸೂರಿನ ಆಸರೆಗೆ ಬಿದಿರು ಕೋಲು ಕೊಡಬೇಡಿ. ನಡುರಾತ್ರಿ ಗಂಡಸರು ಅದನ್ನೇ ಕಿತ್ತುಕೊಂಡು ಬಡಿಗೆಯ ಕಾಳಗಕ್ಕೆ ಓಡುತ್ತಾರೆ. ಸೂರು ಮಲಗಿದ್ದವರ ಮೇಲೆ, ಕೋಲು ಇನ್ನಾರದೋ ತಲೆಯ ಮೇಲೆ.

ಬಿಚ್ಚುವುದು ಮತ್ತು ಬೇರೆ ಬಳಕೆ

ಜಾತ್ರೆ ಮುಗಿದ ಮೇಲೆ ತಾಡಪತ್ರಿ ಶೇಂಗಾ ಒಕ್ಕುವ ಕಣಕ್ಕೆ ಹಾಸು. ಹತ್ತಿ ಬಿಡಿಸಿದ ಮೇಲೆ ಆದವಾನಿ ಮಾರುಕಟ್ಟೆಯವರೆಗೆ ಹತ್ತಿಗೆ ಹೊದಿಕೆ. ನಮಗಿಂತ ಹೆಚ್ಚು ಸಲ ಹತ್ತಿ ಅದರಡಿ ಮಲಗಿದೆ.

ಆಮೇಲೆ ಗುಳೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಆದವಾನಿ ಸುತ್ತಿನ ಹಳ್ಳಿಗಳ ಜನ ನಲ್ಲಮಲ ದಾಟಿ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. ಅಷ್ಟು ದೂರ ಟ್ರ್ಯಾಕ್ಟರು ಹೋಗುವುದಿಲ್ಲ. ಸೂರು ಹೋಗುತ್ತದೆ. ಪೈಪು ಎಳೆದು, ದಬ್ಬೆ ಬಿಚ್ಚಿ, ತಾಡಪತ್ರಿ ಮಡಚಿ ಬಾಡಿಗೆ ಗಾಡಿಯ ನೆತ್ತಿಗೆ ಕಟ್ಟಿದರೆ, ಮೂರು ತಿಂಗಳು ಯಾರದೋ ಹೊಲದ ಬದುವಿನಲ್ಲಿ ಅದೇ ಮನೆ. ಹಿತ್ತಲಲ್ಲಿ ಟ್ರೇಲರು ನಾಲ್ಕು ಖಾಲಿ ಪೈಪು ಮೇಲೆತ್ತಿಕೊಂಡು ನಿಂತಿರುತ್ತದೆ. ಶಾಲೆಯ ಮಕ್ಕಳು ಮತ್ತು ಅಜ್ಜಿ ಮನೆಯಲ್ಲಿ. ಯಾರ ಅಜ್ಜಿಗೆ ಕೈಲಾಗದೋ ಆ ಮನೆಯ ಮಕ್ಕಳೂ ಗಾಡಿ ಹತ್ತುತ್ತಾರೆ. ವಿಡಿಯೊದಲ್ಲಿ ವ್ಯಾನಿನವರು ಮನೆಯಿಂದ ದೂರ ಇರಲು ಸೂರು ಏರಿಸುತ್ತಿದ್ದರು. ನಾವು ಯುಗಾದಿಯ ಹೊತ್ತಿಗೆ ವಾಪಸಾಗಲು ಇಳಿಸುತ್ತೇವೆ.

ತೊಂದರೆಗಳು ಮತ್ತು ಪರಿಹಾರ

ತೊಂದರೆ: ಶ್ರಾವಣದಲ್ಲಿ ತಾಡಪತ್ರಿ ಬಿಚ್ಚಿದ ಕೂಡಲೇ ಎಲ್ಲರಿಗೂ ಸೀನು.
ಕಾರಣ: ಗುಂಟೂರು.
ಪರಿಹಾರ: ಎರಡು ದಿನ ಬಿಸಿಲಿಗೆ ಹರವಿ. ಪೂರ್ತಿ ಹೋಗುವುದಿಲ್ಲ.

ತೊಂದರೆ: ಸೂರು ಒಂದು ಕಡೆ ವಾಲಿದೆ.
ಕಾರಣ: ಆ ಮೂಲೆಯವನು ಫೋನಿನಲ್ಲಿದ್ದ.
ಪರಿಹಾರ: ಅವನ ಹೆಂಡತಿಗೆ ಹೇಳಿ.

ತೊಂದರೆ: ಭಾವ ಗುಂಡಿ ಎಲ್ಲಿ ಎಂದು ಕೇಳುತ್ತಿದ್ದಾರೆ.
ಕಾರಣ: ಬೆಂಗಳೂರು.
ಪರಿಹಾರ: ನಾಲ್ಕನೆಯ ಮೂಲೆ ಅವರಿಗೆ ಕೊಡಿ.

ತೊಂದರೆ: ಅಜ್ಜಿ ಕೈ ಎತ್ತಿ ಮುಗಿದಾಗ ಬೆರಳ ತುದಿಗೂ ನಡುಗಮಾನಿಗೂ ನಡುವೆ ಈಗ ಒಂದು ಗೇಣು ಅಂತರ ಬರುತ್ತಿದೆ.
ಕಾರಣ: ಪೈಪು ಪರೀಕ್ಷಿಸಿದ್ದೇವೆ. ಸೂರು ಎಲ್ಲಿತ್ತೋ ಅಲ್ಲೇ ಇದೆ.
ಪರಿಹಾರ: ಎರಡನೆಯ ತೂತಿಗೆ ಇಳಿಸಬೇಡಿ. ಬೋಲ್ಟು ಮೂರನೆಯದರಲ್ಲೇ ಇರಲಿ.