ಎರಡನೇ ರೌಟರಿನ ಪಟ್ಟತ್ಯಾಗ
(ಮುದಗಲ್ಲಿನ ಕಲ್ಲುಮನೆಗಳಿಗೆ ಬಳಕೆದಾರರ ಕೈಪಿಡಿ)

ಈ ಕೈಪಿಡಿ ಯಾರಿಗೆ?

ಪಡಸಾಲೆಯಲ್ಲಿ ವೈಫೈ ಗೆರೆ ಪೂರ್ತಿ, ಅಡುಗೆಮನೆಯಲ್ಲಿ ಒಂದು, ಹಿತ್ತಲ ಕೋಣೆಯಲ್ಲಿ ಸೊನ್ನೆ ಇರುವ ಮನೆಯವರಿಗೆ. ನಮ್ಮ ಹಿರಿಯರು ಬಿಸಿಲೂ ಕಳ್ಳರೂ ಒಳಗೆ ಬರಬಾರದೆಂದು ಕಲ್ಲಿನ ಗೋಡೆ ಎಬ್ಬಿಸಿದರು. ಮುಂದೊಂದು ದಿನ ವೈಫೈ ಬಂದೀತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ಸುತ್ತು ಕೋಟೆ, ಅದರಾಚೆ ಕಂದಕ ಇರುವ ಊರು ಇದು. ತಡೆಯುವುದು ಇಲ್ಲಿನ ಕಲ್ಲಿಗೆ ರಕ್ತಗತ. 5 ಗಿಗಾಹರ್ಟ್ಸ್ ಅಲೆ ಮೊದಲ ಗೋಡೆಗೇ ಶರಣಾಗುತ್ತದೆ. 2.4 ಗಿಗಾಹರ್ಟ್ಸಿನದು ಎರಡನೆಯದನ್ನು ಹೇಗೋ ದಾಟಿ, ಮೂರನೆಯದರ ಮುಂದೆ ಕೂತುಬಿಡುತ್ತದೆ.

ಬೇಕಾಗುವ ಸಾಮಾನು

ಮೊದಲ ರೌಟರ್: ಫೈಬರಿನ ಹುಡುಗ ಬಂದು ಗೋಡೆಗೆ ಹೊಡೆದು ಹೋದದ್ದು. ಅದನ್ನು ಮುಟ್ಟಬೇಡಿ.

ಎರಡನೇ ರೌಟರ್: ಹಳೆಯ ಕನೆಕ್ಷನ್ ಬಿಟ್ಟಾಗ ಕಪಾಟು ಸೇರಿದ್ದು. ಅಡಾಪ್ಟರ್ ಅದರದ್ದೇ ಇರಲಿ. 9 ವೋಲ್ಟಿನ ಡಬ್ಬಿಗೆ 12 ವೋಲ್ಟ್ ಚುಚ್ಚಿದರೆ ಕೈಪಿಡಿ ಇಲ್ಲಿಗೇ ಮುಗಿಯಬಹುದು.

ಈಥರ್ನೆಟ್ ಕೇಬಲ್: 100 ಮೀಟರಿನೊಳಗೆ. ಅದಕ್ಕಿಂತ ಉದ್ದ ಬೇಕಾದರೆ ನಿಮ್ಮದು ಮನೆಯಲ್ಲ, ವಾಡೆ, ಇಂಜಿನಿಯರನ್ನು ಕರೆಸಿ.

ಒಂದು ಲ್ಯಾಪ್‌ಟಾಪು, ಒಂದು ಪಿನ್ನು, ಮನೆಯ ಹಿರಿಯರ ಅಪ್ಪಣೆ. ಕೊನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಂತ 1: ಹಿಂದಿನದನ್ನು ಮರೆಸುವುದು

ಹಳೆಯ ರೌಟರಿನ ಬೆನ್ನಿನಲ್ಲಿ ‘ರೀಸೆಟ್’ ಎಂಬ ಸಣ್ಣ ತೂತು ಇದೆ. ಕರೆಂಟು ಹಚ್ಚಿ, ಪಿನ್ನು ಚುಚ್ಚಿ, ದೀಪಗಳೆಲ್ಲ ಒಮ್ಮೆ ಆರಿ ಹತ್ತುವವರೆಗೆ ಒತ್ತಿ ಹಿಡಿಯಿರಿ. ಹಳೆಯ ಯಜಮಾನನ ನೆನಪೆಲ್ಲ ಹೋಗುತ್ತದೆ. ಆಮೇಲೆ ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಕೇಬಲ್ಲಿನಿಂದ ಜೋಡಿಸಿ, ತಳದ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಹೊಡೆಯಿರಿ. ಸಾಮಾನ್ಯವಾಗಿ ಅದು 192.168.0.1 ಅಥವಾ 192.168.1.1.

ಹಂತ 2: ಹೆಸರಿಡುವುದು

ಮೊದಲ ರೌಟರಿಗೆ ಇರುವ ವೈಫೈ ಹೆಸರನ್ನೇ, ಅದೇ ಪಾಸ್‌ವರ್ಡನ್ನೇ, ಅದೇ ಭದ್ರತೆಯ ಬಗೆಯನ್ನೇ ಇದಕ್ಕೂ ಕೊಡಿ. ಪಕ್ಕದ ಮಸ್ಕಿಯನ್ನು ನೆನೆಯಿರಿ. ‘ದೇವಾನಾಂಪ್ರಿಯ’ನೂ ಅಶೋಕನೂ ಒಬ್ಬನೇ ಎಂಬುದು 1915ರಲ್ಲಿ ಆ ಊರಿನ ಬಂಡೆಶಾಸನ ಸಿಕ್ಕ ಮೇಲೆ ಖಚಿತವಾಯಿತು. ಒಬ್ಬನಿಗೆ ಎರಡು ಹೆಸರಿದ್ದರೆ ಪಂಡಿತರೇ ಒದ್ದಾಡುತ್ತಾರೆ, ಪಾಪ ಫೋನು ಏನು ಮಾಡೀತು?

ಹೆಸರು ಒಂದೇ ಇರಲಿ, ಚಾನೆಲ್ ಬೇರೆ ಇರಲಿ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11. ಮೊದಲನೆಯದು 1ರಲ್ಲಿದ್ದರೆ ಇದನ್ನು 6ಕ್ಕೋ 11ಕ್ಕೋ ಕೂಡಿಸಿ.

ಹಂತ 3: ಮನೆ ನಂಬರು

192.168 ಎಂದು ಶುರುವಾಗುವ ವಿಳಾಸಗಳನ್ನು 1994ರಿಂದ ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟಿದ್ದಾರೆ. ಹಾಗಾಗಿ ಲಂಡನ್ನಿನ ಮನೆಯಲ್ಲೂ ಮುದಗಲ್ಲಿನ ಮನೆಯಲ್ಲೂ ಅದೇ 192.168.1.1 ಇರಬಹುದು, ಜಗಳವಿಲ್ಲ. ಒಂದೇ ಮನೆಯಲ್ಲಿ ಎರಡಿದ್ದರೆ ಜಗಳ. ಮೊದಲನೆಯದು 192.168.1.1 ಆದರೆ ಎರಡನೆಯದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಮೊದಲ ರೌಟರ್ ಫೋನುಗಳಿಗೆ ಹಂಚುವ ನಂಬರುಗಳ ಸಾಲಿನಲ್ಲಿ ಈ 2 ಇಲ್ಲವೆಂದು ನೋಡಿಕೊಳ್ಳಿ. ಡಬ್ಬಿ ಒಮ್ಮೆ ಆರಿ ಹತ್ತುತ್ತದೆ. ಹೊಸ ವಿಳಾಸದಿಂದ ಮತ್ತೆ ಒಳಗೆ ಹೋಗಿ.

ಹಂತ 4: ಪಟ್ಟತ್ಯಾಗ

ಇಡೀ ಕೈಪಿಡಿಯಲ್ಲಿ ಇದೊಂದನ್ನು ಓದಿದರೂ ಸಾಕು. ‘ಡಿಎಚ್‌ಸಿಪಿ’ ಎಂಬಲ್ಲಿ ಹೋಗಿ ಅದನ್ನು ಆಫ್ ಮಾಡಿ.

ಮನೆಯ ಪ್ರತಿ ಫೋನಿಗೂ ಟಿವಿಗೂ ನಂಬರು ಹಂಚುವ, ಹೊರದಾರಿ ಯಾವುದೆಂದು ಹೇಳುವ ಅಧಿಕಾರ ಅದು. ಒಂದೇ ನೆಲಕ್ಕೆ ಇಬ್ಬರು ದೊರೆಗಳಾದರೆ ಏನಾಗುತ್ತದೆಂದು ಕೃಷ್ಣಾ-ತುಂಗಭದ್ರೆಗಳ ನಡುವಿನ ನಮಗೆ ಯಾರೂ ಕಲಿಸಬೇಕಿಲ್ಲ. ಉತ್ತರದಿಂದ ಬಹಮನಿಗಳು, ಅವರಾದ ಮೇಲೆ ಆದಿಲಶಾಹಿಗಳು, ದಕ್ಷಿಣದಿಂದ ವಿಜಯನಗರದವರು ತಲೆಮಾರುಗಟ್ಟಲೆ ಈ ಸೀಮೆಗಾಗಿ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ. 1565ರ ರಕ್ಕಸತಂಗಡಿ ಯುದ್ಧದ ಮೇಲೆ ಸೀಮೆ ಮತ್ತೆ ವಿಜಾಪುರದ ಪಾಲಾಯಿತು. ನಡುವೆ ಸಿಕ್ಕ ರೈತ ಯಾರಿಗೆ ಕಂದಾಯ ಕಟ್ಟಬೇಕು? ಇಬ್ಬರು ದೊರೆಗಳ ನಡುವೆ ಸಿಕ್ಕ ಫೋನಿನ ಗತಿಯೂ ಅದೇ. ಎರಡನೇ ಡಬ್ಬಿ ‘ಹೊರದಾರಿ ನಾನೇ’ ಎಂದು ಹೇಳುತ್ತದೆ, ಅದರ ಹಿಂದೆ ದಾರಿಯೇ ಇಲ್ಲ. ವೈಫೈ ಗೆರೆ ಪೂರ್ತಿ, ಇಂಟರ್ನೆಟ್ ಸೊನ್ನೆ.

ಪಟ್ಟ ಇಳಿಸಿದ ಮೇಲೆ ಲ್ಯಾಪ್‌ಟಾಪಿಗೆ ಅದು ನಂಬರು ಕೊಡುವುದಿಲ್ಲ, ಒಳಗೆ ಹೋಗುವುದು ತುಸು ಕಷ್ಟ. ಆದ್ದರಿಂದ ಹಿಂದಿನ ಹಂತಗಳ ಸಹಿಯೆಲ್ಲ ಮೊದಲೇ ಹಾಕಿಸಿಕೊಳ್ಳಿ. ಹೊಸ ಡಬ್ಬಿಗಳಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇರುವುದುಂಟು. ಅದನ್ನು ಆರಿಸಿದರೆ ಪಟ್ಟ ತಾನಾಗಿಯೇ ಇಳಿಯುತ್ತದೆ, ಯುದ್ಧ ಬೇಕಿಲ್ಲ.

ಹಂತ 5: ತಂತಿ ಎಳೆಯುವುದು

ಮೊದಲ ರೌಟರಿನ ಲ್ಯಾನ್ ಪೋರ್ಟಿನಿಂದ ಎರಡನೆಯದರ ಲ್ಯಾನ್ ಪೋರ್ಟಿಗೆ. ಬೇರೆ ಬಣ್ಣದ ವ್ಯಾನ್ ಪೋರ್ಟು ಕೈಬೀಸಿ ಕರೆಯುತ್ತದೆ, ಹೋಗಬೇಡಿ.

ಡ್ರಿಲ್ ಮಷಿನ್ ಕೈಗೆತ್ತಿಕೊಳ್ಳುತ್ತಿದ್ದಂತೆ ಒಳಗಿನಿಂದ ದನಿ ಬರುತ್ತದೆ: “ಏ ತಮ್ಮಾ, ಗ್ವಾಡಿಗೆ ತೂತು ಹೊಡಿಬ್ಯಾಡೋ, ನಮ್ಮಪ್ಪ ಕಟ್ಟಿಸಿದ್ದದು!” ವಾದಕ್ಕೆ ಇಳಿಯಬೇಡಿ. ಬೆಳಕಿಂಡಿಯಿಂದ ಕೇಬಲ್ ಮೇಲೇರಿಸಿ, ಮಾಳಿಗೆ ಹಾಯಿಸಿ, ಹಿತ್ತಲ ಕಡೆ ಇಳಿಸಿ. ಮಾಳಿಗೆಯ ಮೇಲಿನ ಭಾಗ ಪೈಪಿನೊಳಗಿರಲಿ. ರಾಯಚೂರು ಜಿಲ್ಲೆಯ ಬಿಸಿಲಿಗೆ ಬರಿ ಕೇಬಲ್ಲಿನ ಚರ್ಮ ಸುಲಿಯುತ್ತದೆ.

ತೊಂದರೆಗಳು, ಪರಿಹಾರಗಳು

ಹಿತ್ತಲಲ್ಲಿ ಕೂತರೂ ಫೋನು ಪಡಸಾಲೆಯ ರೌಟರನ್ನೇ ಹಿಡಿದುಕೊಂಡಿದೆ: ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಫೋನೇ. ವೈಫೈ ಆರಿಸಿ ಹಚ್ಚಿ, ಬುದ್ಧಿ ಬರುತ್ತದೆ.

ಕರೆಂಟು ಹೋಯಿತು: ಎರಡೂ ಡಬ್ಬಿಗೆ ಇನ್ವರ್ಟರ್ ಇರಬೇಕು. ಮೊದಲನೆಯದು ಆರಿದರೆ ಎರಡನೆಯದು ಉರಿಯುತ್ತಿದ್ದರೂ ಬರಿ ಅಲಂಕಾರ.

ಮೊಹರಂ ಸಮಯ, ಆಲಂ ನೋಡಲು ಬಂದ ಬೀಗರೆಲ್ಲ ಒಟ್ಟಿಗೆ ವಿಡಿಯೋ ಕಳಿಸುತ್ತಿದ್ದಾರೆ, ಎಲ್ಲ ನಿಧಾನ: ಎರಡನೇ ರೌಟರ್ ದೂರ ತಲುಪಿಸುತ್ತದೆ, ವೇಗ ಹುಟ್ಟಿಸುವುದಿಲ್ಲ. ಹೊರಗಿನಿಂದ ಬರುವುದೆಷ್ಟೋ ಅಷ್ಟನ್ನೇ ಹಂಚಿಕೊಳ್ಳಬೇಕು. ಬೀಗರಿಗೆ ಊಟ ಬಡಿಸಿ, ಫೋನು ತಾವಾಗಿಯೇ ಕೆಳಗಿಡುತ್ತಾರೆ.

ಖಾತರಿ

ನಂಬರು ಹಂಚುವ ಹುಚ್ಚು ಬಿಟ್ಟ ಡಬ್ಬಿ ವರ್ಷಗಟ್ಟಲೆ ತಕರಾರಿಲ್ಲದೆ ದುಡಿಯುತ್ತದೆ. ಹೊಸದು ಕೊಳ್ಳಲು ಅಂಗಡಿಗೆ ಹೊರಡುವ ಮೊದಲು ಕಪಾಟಿನಲ್ಲಿರುವ ಹಳೆಯದನ್ನು ಇಳಿಸಿ ನೋಡಿ, ಖರ್ಚು ಕೇಬಲ್ಲಿನದಷ್ಟೇ.