ಏಳರಾಟ

ಹೆಂಡತಿಯನ್ನು ನೋಡಿ ಒಪ್ಪುತ್ತೇವೆ, ಮಾವನ ಮನೆಯನ್ನು ನಾಲ್ಕು ಕಡೆ ವಿಚಾರಿಸಿ ಒಪ್ಪುತ್ತೇವೆ. ಹೆಂಡತಿಯ ತಂಗಿ ನಾಳೆ ಯಾರನ್ನು ಕಟ್ಟಿಕೊಳ್ಳುತ್ತಾಳೆ ಅನ್ನುವುದು ಮಾತ್ರ ಯಾವ ಜಾತಕದಲ್ಲೂ ಇರುವುದಿಲ್ಲ. ಷಡ್ಡಕ ಬಂದಂತೆ ಉಣ್ಣಬೇಕಾದ ಪ್ರಾರಬ್ಧ. ನನ್ನ ಪಾಲಿಗೆ ಬಂದವನು ಡೆತ್ ಮೆಟಲ್ ಕೇಳುತ್ತಾನೆ.

ಈ ತಳಿ ಬೆಂಗಳೂರಿನಲ್ಲಿ ಬೇಕಾದಷ್ಟಿದೆ. ವಯಸ್ಸು ನಲವತ್ತು ದಾಟಿರುತ್ತದೆ, ಸಾಫ್ಟ್‌ವೇರಿನಲ್ಲಿ ಮ್ಯಾನೇಜರ್ ಕೆಲಸ, ಅಪಾರ್ಟ್‌ಮೆಂಟಿನ ಸಾಲ ಇನ್ನೂ ಹನ್ನೊಂದು ವರ್ಷ. ಶುಕ್ರವಾರದವರೆಗೆ ತಿಳಿನೀಲಿ ಅಂಗಿ. ಶನಿವಾರ ಬೆಳಗಾದರೆ ಕರಿ ಟೀ ಶರ್ಟು, ಅದರ ಮೇಲೆ ಜೇಡರ ಬಲೆ, ಕುಡುಗೋಲು ಎಲ್ಲ ಸುತ್ತಿಕೊಂಡ ಅಕ್ಷರ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಎಲ್ಲಿ ನಿಂತಿದ್ದೆ ಅಂತ ಕೇಳದೆಯೇ ಹೇಳುತ್ತಾರೆ. ಸೊಳ್ಳೆಗೂ ನೋವಾಗದಂಥ ಸಾಧುಗಳು. ರೋಗ ಒಂದೇ: ಪಟ್ಟಿ.

ನಮ್ಮವನ ಇಷ್ಟದ ತಂಡದ ಹೆಸರೇ ಡೆತ್. ಅಮೆರಿಕದ ಫ್ಲಾರಿಡಾದ ಚಕ್ ಶುಲ್ಡಿನರ್ ಅನ್ನುವ ಹುಡುಗ ಕಟ್ಟಿದ್ದು. 1987ರಿಂದ 1998ರವರೆಗೆ ಏಳು ಆಲ್ಬಮ್. 2001ರ ಡಿಸೆಂಬರ್ 13ರಂದು, ಮೂವತ್ತನಾಲ್ಕನೆಯ ವಯಸ್ಸಿಗೆ, ಮಿದುಳಿನ ಗಡ್ಡೆಯಿಂದ ಅವನು ಹೋಗಿಬಿಟ್ಟ. ಎಂಟನೆಯದು ಬರುವ ಮಾತೇ ಇಲ್ಲ. ಇರುವ ಏಳನ್ನೇ ನನ್ನ ಷಡ್ಡಕ ಇಪ್ಪತ್ತು ವರ್ಷದಿಂದ ಮೇಲೆ ಕೆಳಗೆ ಮಾಡುತ್ತಿದ್ದಾನೆ. ನಾನು ಬ್ಯಾಂಕಿನವನು, ಒಂದು ದಿನ ಲೆಕ್ಕ ಹಾಕಿದೆ. ಏಳನ್ನು 5,040 ಬಗೆಯಲ್ಲಿ ಜೋಡಿಸಬಹುದು. ದಿನಕ್ಕೊಂದರಂತೆ ಹೇಳಿದರೂ ಹೆಚ್ಚುಕಡಿಮೆ ಹದಿನಾಲ್ಕು ವರ್ಷ, ಒಂದು ವನವಾಸ.

ಹೋದ ವರ್ಷ ಪಳನಿಗೆ ಹೊರಟೆವು. ಅವನ ಮಗನ ಮುಡಿ ಕೊಡುವುದಿತ್ತು, ಅಲ್ಲಿಂದ ಕೊಡೈಕಾನಲ್. ಟೆಂಪೋ ಟ್ರಾವೆಲರ್ ಹೊಸೂರು ದಾಟುವ ಮೊದಲೇ ನಮ್ಮತ್ತೆ ಕಟ್ಟಪ್ಪಣೆ ಮಾಡಿದರು. "ದೇವರ ಕಾರ್ಯಕ್ಕೆ ಹೊರಟಿದೀವಿ, ಆ ಹೆಸರು ಮಾತ್ರ ಎತ್ತಬೇಡಪ್ಪ." ಹಾವನ್ನು ಹುಳ ಅಂದ ಹಾಗೆ ದಾರಿಯುದ್ದಕ್ಕೂ ಅದು "ಆ ಬ್ಯಾಂಡು" ಆಯಿತು. ಹಾಡು ಹಾಕಲು ಐದು ನಿಮಿಷ ಅನುಮತಿ ಸಿಕ್ಕಿತು. ಅತ್ತೆ ಮಲೆನಾಡಿನವರು, ರಾತ್ರಿಯಿಡೀ ಆಟ ನೋಡಿ ಬೆಳೆದವರು. ಗಮನವಿಟ್ಟು ಕೇಳಿ, "ಬಣ್ಣದ ವೇಷ ರಂಗಕ್ಕೆ ಬರೋವಾಗಿನ ಆರ್ಭಟ ಇದು. ಚಂಡೆ ಪರವಾಗಿಲ್ಲ. ಆದ್ರೆ ರಾಕ್ಷಸ ಬರ್ತಾನೇ ಇದಾನೆ, ಕುಣಿಯೋದು ಯಾವಾಗ?" ಅಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಪಳನಿಯಲ್ಲಿ ಗೊತ್ತಾಯಿತು, ಹರಕೆ ಅಪ್ಪ ಮಗ ಇಬ್ಬರದೂ ಅಂತ. ಕಾಲೇಜಿನಲ್ಲಿ ಸೊಂಟದವರೆಗೆ ಇಳಿಬಿಟ್ಟು, ಗಾಳಿ ಬಂದವನಂತೆ ಬೀಸಾಡುತ್ತಿದ್ದ ಕೂದಲಿನಲ್ಲಿ ಕಾಲ ಬಿಟ್ಟು ಉಳಿಸಿದ್ದೇ ಹಿಂದೊಂದು ಹಿಡಿ. ಅದೂ ಮುರುಗನಿಗೆ ಸಂದಿತು. ನುಣ್ಣನೆ ತಲೆಗೆ ಗಂಧ, ಕೈಯಲ್ಲಿ ಪಂಚಾಮೃತದ ಡಬ್ಬಿ, ಮೈಮೇಲೆ ಕುಡುಗೋಲಿನ ಟೀ ಶರ್ಟು. ಹೀಗೆ ಘಾಟಿ ಹತ್ತಿದೆವು.

ತಿರುವಿಗೊಂದು ಆಲ್ಬಮ್ ಬಂತು. ಮೊದಲನೆಯದು, 1987ರ 'ಸ್ಕ್ರೀಮ್ ಬ್ಲಡಿ ಗೋರ್', ಅವನ ಪಟ್ಟಿಯಲ್ಲಿ ಕೊನೆ. ಗಿಟಾರು, ಬೇಸು, ಗಂಟಲು ಮೂರೂ ಚಕ್‌ನದೇ; ಡ್ರಮ್ ಒಂದು ಮಾತ್ರ ಕ್ರಿಸ್ ರೈಫರ್ಟ್‌ನದು. "ಅಡಿಪಾಯ ಭಾವ, ಅದರ ಮೇಲೆ ಯಾರೂ ವಾಸ ಮಾಡಲ್ಲ" ಅಂದ. ಆರನೆಯದು 1990ರ 'ಸ್ಪಿರಿಚುಯಲ್ ಹೀಲಿಂಗ್'. ಅರ್ಥ ಕೇಳಿದ ಅತ್ತೆ, "ಒಂದಕ್ಕಾದರೂ ಒಳ್ಳೆ ಹೆಸರಿಟ್ಟಿದಾರಲ್ಲ, ಅದನ್ನೇ ಮೊದಲಿಡು" ಅಂದರು. ಅದು ಕಪಟ ಬೋಧಕರನ್ನು ಬೈಯುವ ಹಾಡು ಅಂತ ಅವನು ಹೇಳಲಿಲ್ಲ. ಆ ಆಲ್ಬಮ್ ಆದ ಮೇಲೆ ಯುರೋಪು ಪ್ರವಾಸಕ್ಕೆ ಚಕ್ ಬರಲ್ಲ ಅಂದನಂತೆ. ಉಳಿದವರು ಅವನನ್ನು ಬಿಟ್ಟೇ ಹೋದರಂತೆ. ವರನನ್ನು ಮನೆಯಲ್ಲೇ ಬಿಟ್ಟು ದಿಬ್ಬಣ ಹೊರಟ ಹಾಗೆ! 'ಲೆಪ್ರಸಿ' ಐದನೆಯದು. 'ಇಂಡಿವಿಜುಯಲ್ ಥಾಟ್ ಪ್ಯಾಟರ್ನ್ಸ್' ನಾಲ್ಕೋ ಮೂರೋ ಅನ್ನುವಷ್ಟರಲ್ಲಿ ಮಗು ವಾಂತಿ ಮಾಡಿಕೊಂಡಿತು. ಹಾಗಾಗಿ ನಾಲ್ಕು. ಕೊನೆಯ ಆಲ್ಬಮ್ಮಿಗೆ ಮೂರನೆಯ ಸ್ಥಾನ ಸಿಕ್ಕಿತು.

ನಿಜವಾದ ಸಂಕಟ ತುದಿಯಲ್ಲಿರುವುದು. 1995ರ 'ಸಿಂಬಾಲಿಕ್' ಮೊದಲೋ, 1991ರ 'ಹ್ಯೂಮನ್' ಮೊದಲೋ? ಒಂದರಲ್ಲಿ ಜೀನ್ ಹೋಗ್ಲನ್ ಅನ್ನುವ ದೈತ್ಯನ ಡ್ರಮ್ಮು, ಇನ್ನೊಂದರಲ್ಲಿ ಶಾನ್ ರೈನರ್ಟ್ ಅನ್ನುವ ಇಪ್ಪತ್ತರ ಹುಡುಗನದು. ಕೊನೆಗೆ 'ಸಿಂಬಾಲಿಕ್' ಗೆದ್ದಿತು, 'ಹ್ಯೂಮನ್' ಎರಡನೆಯದಾಯಿತು. 'ಗುಣಾ' ಗುಹೆಯ ಹತ್ತಿರ ನಿಂತಾಗ, ಬ್ರಿಟಿಷರು ಇದನ್ನು ಡೆವಿಲ್ಸ್ ಕಿಚನ್ ಅನ್ನುತ್ತಿದ್ದರು ಅಂತ ಗೈಡ್ ಹೇಳಿದ. ಷಡ್ಡಕನ ಮುಖ ಅರಳಿತು. ಗುಹೆಗೆ ಈ ಹೆಸರು ತಂದ ಕಮಲ್ ಹಾಸನ್ ಸಿನಿಮಾ 1991ರದ್ದು ಅಂದಾಗ ನನ್ನ ಕೈ ಹಿಡಿದುಕೊಂಡ. "ಹ್ಯೂಮನ್ ಬಂದ ವರ್ಷ, ಭಾವ!" ಸೌರ ವೀಕ್ಷಣಾಲಯದಲ್ಲಿ, 1901ರಿಂದ ಇಲ್ಲಿ ಸೂರ್ಯನನ್ನು ನೋಡುತ್ತಿದ್ದಾರೆ, 1909ರಲ್ಲಿ ಜಾನ್ ಎವರ್‌ಶೆಡ್ ಸೂರ್ಯಕಲೆಗಳಲ್ಲಿ ಅನಿಲ ಹೊರಕ್ಕೆ ಹರಿಯುವುದನ್ನು ಇಲ್ಲೇ ಕಂಡುಹಿಡಿದದ್ದು ಅಂತ ಓದಿ ನಮ್ಮ ಮಾವ ತಲೆದೂಗಿದರು. "ಅದೇ ಸೂರ್ಯನನ್ನ ಇಷ್ಟು ವರ್ಷ ನೋಡೋದೇನಿದೆ?" ಅಂದರು ಅತ್ತೆ. ಷಡ್ಡಕ ಅವರನ್ನು ಕನಿಕರದಿಂದ ನೋಡಿದ.

ಮಾವನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಅಳಿಯನ ಹುಚ್ಚಿಗೆ ನಗುವ ಅವರು ತ್ಯಾಗರಾಜರ ಪಂಚರತ್ನದಲ್ಲಿ ವರಾಳಿಯೇ ಮೊದಲು, ಶ್ರೀ ರಾಗದ್ದನ್ನು ಊರೆಲ್ಲ ಹಾಡಿ ಸವೆಸಿದ್ದಾರೆ ಅಂತ ಮೂವತ್ತು ವರ್ಷದಿಂದ ಹೇಳುತ್ತಿದ್ದಾರೆ. ಇರುವುದು ಐದೇ, ಬರೀ 120 ಬಗೆ. ಅದಕ್ಕೆ ಸಂಸಾರ ಉಳಿದಿದೆ.

ಸಂಜೆ ಕೆರೆ ಪಕ್ಕದ ಅಂಗಡಿಯಲ್ಲಿ ಚಾಕೊಲೇಟ್ ಕೊಳ್ಳುತ್ತಿದ್ದೆವು. ತೂಕ ಮಾಡುತ್ತಿದ್ದ ಹುಡುಗ ಟೀ ಶರ್ಟು ನೋಡಿ ತಕ್ಕಡಿ ಬಿಟ್ಟ. ಅತ್ತೆ ನನಗೆ ಹೇಳಿದ್ದಕ್ಕೆ ಅವನು ಕನ್ನಡದಲ್ಲೇ ಉತ್ತರ ಕೊಟ್ಟ. ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ಮನೆಯೊಳಗೆ ಕನ್ನಡ ಆಡುವ ಒಕ್ಕಲಿಗರಿದ್ದಾರೆ, ತಮಿಳರು ಕಪ್ಪಿಲಿಯರ್ ಅನ್ನುತ್ತಾರೆ. ಹುಡುಗ ಆ ಪೈಕಿ. ಎರಡೇ ನಿಮಿಷದಲ್ಲಿ ಅತ್ತೆ ಅವನ ಅಪ್ಪನ ದ್ರಾಕ್ಷಿ ತೋಟ, ಅಕ್ಕನ ಮದುವೆ ಎಲ್ಲ ತಿಳಿದುಕೊಂಡರು. ಷಡ್ಡಕನಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. "ಹೇಳು, ನಿನ್ನ ಪಟ್ಟಿ" ಅಂದ. ದನಿ ನಡುಗುತ್ತಿತ್ತು.

ಹುಡುಗ ಕೆಳಗಿನಿಂದ ಶುರುಮಾಡಿದ. ಏಳು, ಆರು, ಐದು, ನಾಲ್ಕು, ಮೂರು. ಎರಡು, 'ಹ್ಯೂಮನ್'. ಒಂದು, 'ಸಿಂಬಾಲಿಕ್'. ಏಳಕ್ಕೆ ಏಳೂ ಕೂಡಿ ಬಂತು. ಇಂಥ ಜಾತಕ ನಮ್ಮ ಮನೆತನದಲ್ಲಿ ಯಾರಿಗೂ ಕೂಡಿರಲಿಲ್ಲ.

ನಾನು ಅಪ್ಪುಗೆಯನ್ನು ನಿರೀಕ್ಷಿಸಿದೆ. ಷಡ್ಡಕನ ಮುಖ ಮದುವೆ ಮನೆಯಲ್ಲಿ ಪಾಯಸ ಮುಗಿದ ಮೇಲೆ ಬಂದವನ ಹಾಗಾಯಿತು. ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ಗಂಧದ ತಲೆ ಸವರಿಕೊಂಡು, "ಹ್ಯೂಮನ್ ಎರಡನೇದಾ? ಏನ್ ಮಾತಾಡ್ತಿದೀಯಾ ನೀನು? ಅದು ಮೊದಲನೇದು!" ಅಂದ. ಹುಡುಗ ತೋಳು ಮಡಚಿಕೊಂಡು ಗಲ್ಲಾದಿಂದ ಈಚೆ ಬಂದ.

ಮುಕ್ಕಾಲು ಗಂಟೆ. ಮಂಜು ಇಳಿಯಿತು. ಡ್ರೈವರ್ ನಾಲ್ಕು ಸಲ ಹಾರ್ನ್ ಹೊಡೆದ. ಇಬ್ಬರೂ ಗಾಳಿಯಲ್ಲಿ ಡ್ರಮ್ ಬಾರಿಸುತ್ತಾ ಒಬ್ಬರನ್ನೊಬ್ಬರು ಮೂರ್ಖ ಅನ್ನುತ್ತಿದ್ದರು. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ. ನಾದಿನಿ ಇದನ್ನು ಓದದಿರಲಿ.

ಗಾಡಿ ಹೊರಟ ಮೇಲೆ ಅತ್ತೆ ಕೇಳಿದರು. "ನಂಬರ್ ತಗೊಂಡ್ಯಾ?"

"ಹೂಂ, ಅತ್ತೆ."

"ಹುಡುಗ ಒಳ್ಳೆಯವನು. ಹೆಸರೇನಂತೆ? ನಾನು ಎಲ್ಲಾ ಕೇಳಿದೆ, ಹೆಸರೊಂದು ಮರೆತೆ."

ಅವನು ತಬ್ಬಿಬ್ಬಾದ. ನಾನು ಅವನ ಕೈಯಿಂದ ಫೋನ್ ತೆಗೆದುಕೊಂಡು ನೋಡಿದೆ. 'ಹ್ಯೂಮನ್ 2' ಅಂತ ಬರೆದುಕೊಂಡಿದ್ದ.